ಸೀರೆ ಬೇಲಿಯೊಳಗಿನ ಎರಡು ಗುಂಟೆ

ಮಾರ್ಗಶಿರದ ಬೆಳಗು. ಪಾಂಡವಪುರ ಪೇಟೆ ದಾಟಿ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದರೆ ಒಂದು ಕಡೆ ಆಳೆತ್ತರದ ಕಬ್ಬು, ಇನ್ನೊಂದು ಕಡೆ ತೆನೆ ಬಾಗಿ ಹಳದಿಗೆ ತಿರುಗಿದ ಭತ್ತ, ಎರಡರ ಮೇಲೂ ಇನ್ನೂ ಏಳದ ಮಂಜು. ಕುಂತಿಬೆಟ್ಟದ ಜೋಡಿ ಬಂಡೆಗುಡ್ಡಗಳ ನೆತ್ತಿ ಮಾತ್ರ ಕಾಣುತ್ತಿದೆ, ಬುಡ ಕಾಣದು. ಎಲ್ಲೋ ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಕಿ ಬಿದ್ದಿದೆ. ಒಣಸಿಪ್ಪೆಯ ಹೊಗೆಯೂ ಕುದಿಯುವ ಕಬ್ಬಿನ ಹಾಲಿನ ಸಿಹಿಯೂ ಬೆರೆತು ಮೂಗಿಗೆ ಬರುತ್ತವೆ. ಏರಿಯಿಂದ ಊರಿನ ಓಣಿಗೆ ಇಳಿಯಿರಿ. ಕೊಟ್ಟಿಗೆಯ ಗಂಜಲದ ವಾಸನೆ, ಪಾತ್ರೆ ತಿಕ್ಕುವ ಸದ್ದು, ಅವೆರಡರ ಮೇಲೆ ಮೈಸೂರು ಮಾರುಕಟ್ಟೆಯಿಂದ ಸರಕು ಹೇರಿಕೊಂಡು ಬಂದ ಆಟೋದ ಮೈಕು: ಟೊಮೇಟೊ, ಬೀನ್ಸು, ಬದನೆಕಾಯಿ, ಸೊಪ್ಪೂ ಸೊಪ್ಪು. ಕಾವೇರಿ ನೀರು ಮನೆ ಮುಂದೆಯೇ ಹರಿಯುವ ಊರಿಗೆ ಸೊಪ್ಪು ಆಟೋದಲ್ಲಿ ಬರುತ್ತದೆ. ಹೆಂಗಸರು ಕೈಚೀಲ ಹಿಡಿದು ಸುತ್ತ ನಿಲ್ಲುತ್ತಾರೆ.

ಒಂದು ಮನೆಯಿಂದ ಮಾತ್ರ ಯಾರೂ ಹೊರಗೆ ಬರುವುದಿಲ್ಲ. ನಾವು ಹೋಗಬೇಕಾದದ್ದು ಅಲ್ಲಿಗೆ. ಪಡಸಾಲೆ, ಅಡುಗೆಮನೆ, ಬಚ್ಚಲು ದಾಟಿ ಹಿಂಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಗಿಡವಲ್ಲ, ಸೀರೆ. ಗೂಟದಿಂದ ಗೂಟಕ್ಕೆ ಬಿಗಿದ ಹಳೆಯ ಸೀರೆಗಳು ಹಿತ್ತಲನ್ನು ಸುತ್ತುವರಿದಿವೆ: ಬಾಡಿದ ಗುಲಾಬಿ, ಮಾಸಿದ ಹಸಿರು, ಯಾವುದೋ ಮದುವೆಯಲ್ಲಿ ಮುಯ್ಯಿ ಬಂದ ಜರಿಯಂಚಿನ ನೀಲಿ. ಮಂಡ್ಯ ಸೀಮೆಯಲ್ಲಿ ತರಕಾರಿ ಬೆಳೆದ ಕಡೆಯೆಲ್ಲ ಈ ಬಣ್ಣದ ಬೇಲಿ ಇದ್ದೇ ಇರುತ್ತದೆ. ನವಿಲಿಗೆ ಎಳೆಯ ಪೈರು ಎಂದರೆ ಪ್ರಾಣ. ಗಾಳಿಗೆ ಪಟಪಟ ಎನ್ನುವ ಬಟ್ಟೆ ಕಂಡರೆ ಅದು ಒಂದಿಷ್ಟು ಅಂಜುತ್ತದೆ. ಪೂರ್ತಿ ಅಲ್ಲ.

"ಬಾ ಮಗ, ನೋಡ್ಕಂಡು ಕಾಲಿಡು, ಮಣ್ಣು ಹಸಿ ಅದೆ," ಎನ್ನುತ್ತಾರೆ ಮನೆಯ ಹಿರಿಯಮ್ಮ. ಎಪ್ಪತ್ತರ ಆಸುಪಾಸಿನವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಂಡು ಕುಡುಗೋಲು ಹಿಡಿದು ಆಗಲೇ ಪಾತಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅವರ ಬೆಳಗಿನ ಕೆಲಸದಲ್ಲಿ ಮಾತು ಕಡಿಮೆ, ಕೈ ಹೆಚ್ಚು. ದಂಟಿನ ಸೊಪ್ಪನ್ನು ಬೇರುಸಹಿತ ಕೀಳುವುದಿಲ್ಲ, ನಾಲ್ಕು ಬೆರಳು ಬುಡ ಬಿಟ್ಟು ಕೊಯ್ಯುತ್ತಾರೆ. ಕೊಯ್ದಲ್ಲಿಂದ ಎರಡು ಕವಲು ಒಡೆದು ಮತ್ತೆ ಸೊಪ್ಪು ಬರುತ್ತದೆ. ಬದನೆ ಎಳೆಯದಿರುವಾಗಲೇ ಮಡಿಲಿಗೆ ಬೀಳುತ್ತದೆ. ಬೆಂಡೆಯ ತುದಿಯನ್ನು ಬೆರಳಲ್ಲಿ ಮುರಿದು ನೋಡುತ್ತಾರೆ. ಟಕ್ ಎಂದರೆ ಅಡುಗೆಗೆ, ಬಾಗಿದರೆ ಬೀಜಕ್ಕೆ. "ಬಲಿಯಕ್ಕೆ ಬುಟ್ರೆ ಗಿಡ ಸುಮ್ಕಾಯ್ತದೆ. ಕಿತ್ತಷ್ಟೂ ಕೊಡ್ತದೆ ಕನಪ್ಪ."

ಇದಕ್ಕೆ ಸಸ್ಯಶಾಸ್ತ್ರದ ವಿವರಣೆಯೂ ಹೆಚ್ಚೇನಿಲ್ಲ. ಗಿಡಕ್ಕೆ ಬೇಕಾದದ್ದು ಬೀಜ, ನಮ್ಮ ಸಾರಲ್ಲ. ಒಂದು ಕಾಯಿ ಬಲಿತು ಬೀಜವಾಯಿತೆಂದರೆ ಗಿಡದ ಸತ್ವವೆಲ್ಲ ಅತ್ತ ಹರಿದು ಹೊಸ ಹೂವು ಕಡಿಮೆಯಾಗುತ್ತದೆ. ಎಳೆಯದರಲ್ಲೇ ಕಿತ್ತರೆ ಮತ್ತೆ ಹೂ ಬಿಡುತ್ತದೆ. ದೊಡ್ಡ ರೈತ ಹೀಗೆ ದಿನಾ ಕೀಳಲಾರ, ಕೂಲಿ ಗಿಟ್ಟುವುದಿಲ್ಲ. ಇಳುವರಿಯ ವಿಷಯದಲ್ಲಿ ಹಿತ್ತಲು ಹೊಲವನ್ನು ಮೀರಿಸುವುದು ಇಲ್ಲಿಯೇ. ಈ ಮಾತನ್ನು ಬೀಜದ ಪೊಟ್ಟಣದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಮಂಜು ಕರಗಿ ಎಳೆಬಿಸಿಲು ಸೀರೆಯ ಮೂಲಕ ಸೋಸಿ ಬರುವಾಗ ಬೇಲಿಯಂಚಿನ ಕುಂಬಳದ ಬಳ್ಳಿಯಲ್ಲಿ ಅಂಗೈಯಗಲದ ಹಳದಿ ಹೂಗಳು ಅರಳಿರುತ್ತವೆ. ಹಿರಿಯಮ್ಮನ ಸೊಸೆ ಬಂದು ಉದ್ದ ತೊಟ್ಟಿನ ಗಂಡುಹೂವೊಂದನ್ನು ಕಿತ್ತು, ಎಸಳು ಹರಿದು, ಪುಡಿ ತುಂಬಿದ ನಡುದಂಡನ್ನು ಹೆಣ್ಣುಹೂವಿನೊಳಗೆ ಮೆಲ್ಲಗೆ ಒತ್ತುತ್ತಾಳೆ. ಹೆಣ್ಣುಹೂವನ್ನು ಗುರುತಿಸುವುದು ಸುಲಭ, ಅದರ ಬುಡದಲ್ಲಿ ಗೋಲಿಯಷ್ಟು ಕಾಯಿ ಆಗಲೇ ಕೂತಿರುತ್ತದೆ. ಜೇನು ಕಡಿಮೆಯಾದ ಮೇಲೆ ಈ ಕೆಲಸವೂ ಮನೆಯವರ ಪಾಲಿಗೆ ಬಂದಿದೆ. ಕುಂಬಳದ ಹೂವು ಬಿಸಿಲೇರುವ ಮುಂಚೆಯೇ ಮುದುಡುತ್ತದೆ, ಆದ್ದರಿಂದ ಕಾಫಿಗೆ ಮೊದಲು ಈ ಕೆಲಸ. ಚಪ್ಪರದ ಮೇಲಿನ ಹೀರೆಯದೂ ಸೋರೆಯದೂ ಬೇರೆ ವೇಳೆ, ಅವು ಅರಳುವುದು ಸಂಜೆ. ಸೋರೆಯ ಬಳ್ಳಿ ಚಪ್ಪರ ಮುಟ್ಟುತ್ತಲೇ ಅದರ ಕುಡಿ ಚಿವುಟಿದ್ದಾರೆ. ಪಕ್ಕದ ಹಂಬುಗಳಲ್ಲಿಯೇ ಹೆಣ್ಣುಹೂವು ಹೆಚ್ಚು.

ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಬುಡ ಸೇರುತ್ತದೆ. ಸಾಬೂನಿನ ನೀರನ್ನು ಬಾಳೆಯೂ ಕೆಸುವೂ ತಾಳಿಕೊಳ್ಳುತ್ತವೆ, ಸೊಪ್ಪಿನ ಮಡಿಗೆ ಅದನ್ನು ತಿರುಗಿಸುವುದಿಲ್ಲ. ಪುಟ್ಟಬಾಳೆಯ ಒಂದು ಗುಡ್ಡೆಯಲ್ಲಿ ಮೂರೇ ಗಿಡ: ಗೊನೆ ಹೊತ್ತ ತಾಯಿ, ಎದೆಮಟ್ಟದ ಮಗಳು, ಈಗಷ್ಟೇ ಕತ್ತಿಮೊನೆಯ ಎಲೆ ಬಿಚ್ಚುವ ಮೊಮ್ಮಗಳು. ಉಳಿದ ಕಂದುಗಳನ್ನು ಕಂಡ ಕೂಡಲೇ ಕುಡುಗೋಲು ಹಾಕುತ್ತಾರೆ. ಗೊನೆಯ ಕಡೆಯ ಚಿಪ್ಪು ಬಿಚ್ಚಿಕೊಂಡ ಮೇಲೆ ಮೂತಿಯನ್ನು ಮುರಿದರೆ ಕಾಯಿ ದಪ್ಪವಾಗುತ್ತದೆ, ಮೂತಿ ಪಲ್ಯಕ್ಕಾಗುತ್ತದೆ. ಪಪ್ಪಾಯಿಯ ಸಂಗತಿ ಬೇರೆ. ನಾಲೆ ಬಯಲಿನ ಮಣ್ಣಿನಲ್ಲಿ ನೀರು ಜಿನುಗುವುದೇ ಅದರ ಶತ್ರು. ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆತು ಒಂದು ದಿನ ದೊಪ್ಪನೆ ಬೀಳುತ್ತದೆ. ಅದಕ್ಕೇ ಮಣ್ಣು ಏರಿಸಿ ದಿಬ್ಬದ ಮೇಲೆ ಆರಡಿಗೊಂದರಂತೆ ನೆಟ್ಟಿದ್ದಾರೆ. ಹಳೆಯ ನಾಟಿ ಪಪ್ಪಾಯಿಯಲ್ಲಿ ಗಂಡು ಬಂದರೆ ವರ್ಷವೇ ದಂಡ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದಿಂದ ಬಂದ 'ಕೂರ್ಗ್ ಹನಿ ಡ್ಯೂ'ನಂಥ ತಳಿಗಳಲ್ಲಿ ಬರೀ ಗಂಡುಗಿಡ ಎಂಬುದೇ ಇಲ್ಲವಾದ್ದರಿಂದ, ನಾಲ್ಕೇ ಗಿಡಕ್ಕೆ ಜಾಗವಿರುವವರಿಗೆ ಅವೇ ಲೇಸು.

ಸೀಬೆ ಮರವನ್ನು ನೋಡಿದವರು ಇದೇನು ಶಿಕ್ಷೆ ಎಂದು ಕೇಳದೆ ಇರುವುದಿಲ್ಲ. ಅದರ ನೆಟ್ಟಗಿನ ಕೊಂಬೆಗಳನ್ನೆಲ್ಲ ಬಗ್ಗಿಸಿ, ಹುರಿಯಲ್ಲಿ ಕಲ್ಲಿಗೆ ಕಟ್ಟಿ ನೆಲದತ್ತ ಎಳೆದಿದ್ದಾರೆ. ಬಾಗಿದ ಕೊಂಬೆಯ ಮಲಗಿದ್ದ ಕಣ್ಣುಗಳೆಲ್ಲ ಎಚ್ಚೆತ್ತು ಚಿಗುರುತ್ತವೆ, ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲೇ. ಆ ಮೂಲೆಯಲ್ಲಿ ನುಗ್ಗೆ. ಕಂಬಳಿಹುಳುವಿನ ಭಯಕ್ಕೆ ಮನೆ ಹತ್ತಿರ ನುಗ್ಗೆ ಬೇಡವೆನ್ನುವವರು ಈ ಕಡೆ ಬಹಳ. ಇವರು ಮಾತ್ರ ಗಿಡ ಮೂರಡಿ ಬೆಳೆದಾಗಲೇ ತುದಿ ಚಿವುಟಿ ಕೈಗೆಟುಕುವಂತೆ ಕವಲೊಡೆಸಿದ್ದಾರೆ, ಹುಳು ಬಿದ್ದರೂ ಕಣ್ಣಳತೆಯಲ್ಲೇ ಸಿಗುತ್ತದೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ತಳಿ ವರ್ಷಕ್ಕೆ ಮರವೊಂದಕ್ಕೆ ಇನ್ನೂರಕ್ಕೂ ಹೆಚ್ಚು ಕಾಯಿ ಕೊಡುವುದೆಂದು ಹೆಸರಾಯಿತು. ಆಮೇಲೆ ನಮ್ಮ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ರೂಪುಗೊಂಡ ಗಿಡ್ಡ ತಳಿ 'ಭಾಗ್ಯ' 350ರಿಂದ 400 ಕಾಯಿಯ ಲೆಕ್ಕ ಹೇಳಿತು. ಒಂದು ಮನೆಗೆ ಒಂದು ಮರ ಧಾರಾಳ.

ತಳಿಯ ಮಾತು ಬಂದಾಗ ಹಿರಿಯಮ್ಮನಿಗೂ ಡಿಪ್ಲೊಮಾ ಓದಿದ ಮೊಮ್ಮಗನಿಗೂ ಸಣ್ಣ ಜಟಾಪಟಿ ನಡೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ಬೀಜಗಳೆಂದರೆ ಅವನಿಗೆ ಹುರುಪು. ಹಳದಿ ನಂಜುರೋಗ ತಡೆಯಲೆಂದು ರೂಪಿಸಿದ ಬೆಂಡೆ ಅರ್ಕಾ ಅನಾಮಿಕ, ಕೊಯ್ದಂತೆ ಚಿಗುರುವ ದಂಟು ಅರ್ಕಾ ಸುಗುಣ ಅವನು ತಂದದ್ದೇ. ಅವೆರಡೂ ಅಜ್ಜಿಗೂ ಒಪ್ಪಿಗೆ. ಮೂರು ರೋಗ ತಡೆಯುವ ಟೊಮೇಟೊ ಅರ್ಕಾ ರಕ್ಷಕ್‌ನ ಒಂದೊಂದು ಗಿಡವೂ 18 ಕಿಲೋ ತನಕ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ಹದವಾಗಿ ಗೊಬ್ಬರ, ಹನಿ ನೀರು, ಆಸರೆ ಎಲ್ಲ ಸಿಕ್ಕ ಹೊಲದ ಮಾತು. ಬಚ್ಚಲ ಮಗ್ಗುಲ ನೆರಳಿನಲ್ಲಿ ಅದರ ಕಾಲುಭಾಗ ಬಂದರೂ ಗೆದ್ದಂತೆ. ಮೇಲಾಗಿ ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಅಜ್ಜಿಯ ಬದನೆ ಬೀಜವೋ, ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಯಲ್ಲಿ ತುಂಬಿಟ್ಟದ್ದು, ತವರಿನಿಂದ ಬಂದದ್ದು.

ಅವರೆಯ ವಿಷಯಕ್ಕೆ ಬಂದರೆ ಜಗಳ ಅಜ್ಜಿಯ ಪರವಾಗಿಯೇ ತೀರುತ್ತದೆ. ಹಗಲು ಮೊಟಕಾದಾಗ ಮಾತ್ರ ಹೂ ಕಟ್ಟುವ ಹಳೆಯ ಅವರೆ ಈಗ ಬೇಲಿಯುದ್ದಕ್ಕೂ ತೆನೆತೆನೆಯಾಗಿ ಅರಳಿದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಕಾಲದ ಹಂಗಿಲ್ಲದೆ ವರ್ಷವಿಡೀ ಕಾಯಿ ಕೊಡುತ್ತದೆ, ಇಳುವರಿಯಲ್ಲಿ ಅದಕ್ಕೇ ಮಾರ್ಕು. ಆದರೆ ಸೊನೆ ಹಿಡಿದ ಈ ಹಳೆಯ ಅವರೆಯ ಕಾಯನ್ನು ಒಮ್ಮೆ ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಆ ಸೊಗಡು ಕೈ ತೊಳೆದರೂ ಹೋಗುವುದಿಲ್ಲ. ಹಿದುಕಿದ ಬೇಳೆ ಸಾರು ಮಾಡುವ ಮನೆಯಲ್ಲಿ ಕಿಲೋ ಲೆಕ್ಕದ ಇಳುವರಿಗೆ ಬೆಲೆ ಇಲ್ಲ, ನನ್ನ ಮತವೂ ಅದೇ.

ಹಿತ್ತಲ ಮಣ್ಣು ಕಪ್ಪಗೆ, ಕಾಲಿಗೆ ಮೆತ್ತಗೆ. ಕಬ್ಬಿನ ಗದ್ದೆಯಲ್ಲಿ ಕಟಾವಾದ ಮೇಲೆ ತರಗಿಗೆ ಕಡ್ಡಿ ಗೀರುವುದು ಇಲ್ಲಿನ ರೂಢಿ. ಇವರ ಮಗ ಎತ್ತಿನಗಾಡಿಯಲ್ಲಿ ಆ ತರಗನ್ನು ಹೇರಿಕೊಂಡು ಬಂದು ಪಾತಿಗಳ ಮೇಲೆ ಹೊದಿಸುತ್ತಾನೆ. ಅಡಿಯಲ್ಲಿ ಕೈ ಹಾಕಿದರೆ ತಣ್ಣಗಿನ ಹಸಿ, ಹೊರಳಾಡುವ ಎರೆಹುಳು. ಮೂಲೆಯ ಡ್ರಮ್ಮಿನಲ್ಲಿ ಹುಳಿವಾಸನೆಯ ಜೀವಾಮೃತ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ ಲೆಕ್ಕ ಎಕರೆಗೆ 200 ಲೀಟರ್ ನೀರು, 10 ಕಿಲೋ ಸೆಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು. ನಲವತ್ತು ಗುಂಟೆಗೆ ಅಷ್ಟಾದರೆ ಎರಡು ಗುಂಟೆಗೆ ಹತ್ತು ಲೀಟರ್ ಸಾಕು: ಅರ್ಧ ಕಿಲೋ ಸೆಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಹಿಟ್ಟು, ಆಲೆಮನೆಯ ತಳದಲ್ಲಿ ಕರಕಲಾಗಿ ಮಾರಲಾಗದೆ ಉಳಿದ ಬೆಲ್ಲ ಒಂದು ಚೂರು. ಮಂಡ್ಯ ಜಿಲ್ಲೆಯಲ್ಲಿ ಬೆಲ್ಲಕ್ಕೇನು ಬರವೇ?

ಹೌದು, ಈ ಹಿತ್ತಲು ಎರಡು ಗುಂಟೆ. ಸುಮಾರು 200 ಚದರ ಮೀಟರ್. ಐದು ಜನರ ಮನೆಗೆ ತೋಟಗಾರಿಕೆಯವರು ಹೇಳುವ ಕೈತೋಟದ ಅಳತೆಯೂ ಇದೇ. ಒಬ್ಬರಿಗೆ ದಿನಕ್ಕೆ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆಲೂಗೆಡ್ಡೆ ಲೆಕ್ಕಕ್ಕಿಲ್ಲ. ಅಂದರೆ ಈ ಮನೆಗೆ ದಿನಕ್ಕೆರಡು ಕಿಲೋ. ದಿನವೂ ಅಷ್ಟು ಬರಬೇಕಾದರೆ ಒಂದೇ ದಿನ ಎಲ್ಲ ಬಿತ್ತಿದರಾಗದು. ಹಿರಿಯಮ್ಮ ದಂಟನ್ನು ಹದಿನೈದು ದಿನಕ್ಕೊಂದು ಪಾತಿಯಂತೆ ಚೆಲ್ಲುತ್ತಾರೆ, ಒಂದು ಕೊಯ್ಲಿಗೆ ಬರುವಾಗ ಇನ್ನೊಂದು ಮೊಳೆಯುತ್ತಿರುತ್ತದೆ. ಮೂಲಂಗಿ ಕಿತ್ತ ಸಂಜೆಯೇ ಆ ಜಾಗಕ್ಕೆ ಮೆಂತ್ಯ ಬೀಳುತ್ತದೆ. ಹಿತ್ತಲಲ್ಲಿ ಬರಿದಾದ ನೆಲ ಎಲ್ಲಿಯೂ ಕಾಣುವುದಿಲ್ಲ.

ಇನ್ನು ಆ ಆಟೋದ ಮಾತು: ನೀರಿರುವ ಊರಿಗೆ ಸೊಪ್ಪು ಹೊರಗಿನಿಂದ ಬರುವಂತಾದದ್ದು ಹೇಗೆ? 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಹಿಡಿದು, ಮೂವತ್ತರ ದಶಕದ ಆರಂಭದ ಹೊತ್ತಿಗೆ ಕಟ್ಟೆಯೂ ಆಗ ಇರ್ವಿನ್ ಹೆಸರು ಹೊತ್ತಿದ್ದ ಈ ನಾಲೆಯೂ ಆದವು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಬಂತು. ರಾಗಿ, ಜೋಳ, ಅವರೆ ಬೆರೆತು ಬೆಳೆಯುತ್ತಿದ್ದ ಬಯಲು ಭತ್ತ ಕಬ್ಬಿನ ಬಯಲಾಯಿತು. ಅನ್ನ ಕೊಟ್ಟ ನಾಲೆಯನ್ನು ದೂರುವ ಮಾತಿಲ್ಲ. ಆದರೆ ಊರ ಗೌಡಿಕೆಯೆಲ್ಲ ಗದ್ದೆಗೆ ಸಂದು, ಹಿತ್ತಲು ಹೆಂಗಸರ ಉಸ್ತುವಾರಿಯ ಸಣ್ಣ ಸಂಗತಿಯಾಗಿ ಉಳಿಯಿತು. ಆಮೇಲೆ ಅಣ್ಣತಮ್ಮಂದಿರ ಪಾಲು, ಆರ್‌ಸಿಸಿ ಮನೆ, ಬೈಕು ನಿಲ್ಲಿಸುವ ಶೀಟಿನ ಕೊಟ್ಟಿಗೆ ಎಂದು ಒಂದೊಂದೇ ಮೊಳ ಸಿಮೆಂಟಿನ ಅಡಿಗೆ ಹೋಯಿತು. ಹತ್ತಿರದ ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾಗಿತ್ತು, ಈಗ ಅಂಜೂರದ ಗಿಡ ಹುಡುಕಿಕೊಂಡು ಹೋಗಬೇಕು. ಕಟ್ಟೆ ತುಂಬದ ವರ್ಷ ನಾಲೆಗೆ ಬೇಸಿಗೆಯ ನೀರು ಬಿಡುವುದಿಲ್ಲ. ಆಗ ಗದ್ದೆ ಬಿರಿಯುತ್ತದೆ, ಬಚ್ಚಲ ನೀರು ಕುಡಿಯುವ ಬಾಳೆ ಮಾತ್ರ ಹಸಿರಾಗಿರುತ್ತದೆ.

ಬಿಸಿಲು ನೆತ್ತಿಗೆ ಬರುವ ಮೊದಲು ಮಡಿಲು ತುಂಬಿದ ಸೊಪ್ಪು ಅಡುಗೆಮನೆ ಸೇರುತ್ತದೆ. ದಂಟು, ಒಂದಿಷ್ಟು ನುಗ್ಗೆಸೊಪ್ಪು, ನೆನೆದ ಹುರುಳಿಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟಿಗೆ ಉಪ್ಪು. ಒರಳಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ನುರಿದ ಖಾರ. ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ ಉಪ್ಸಾರು ಹುಯ್ದು, ತಟ್ಟೆಯಂಚಿಗೆ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ ಇಟ್ಟು, "ಉಣ್ಣು ಮಗ, ನಾಚ್ಕಬ್ಯಾಡ" ಎನ್ನುತ್ತಾರೆ. ಎಣ್ಣೆ, ಉಪ್ಪು, ಬೆಳ್ಳುಳ್ಳಿ ಮತ್ತು ಮಸಾಲೆ ಬಿಟ್ಟರೆ ಆ ತಟ್ಟೆಯಲ್ಲಿ ಅಂಗಡಿಯದು ಏನೂ ಇರುವುದಿಲ್ಲ.

ನಿಮಗೆ ಎರಡು ಗುಂಟೆ ಇಲ್ಲದಿರಬಹುದು. ಬಚ್ಚಲ ನೀರು ಹೋಗುವ ಕಡೆ ಒಂದು ಬಾಳೆಕಂದು, ಬಿಸಿಲು ಬೀಳುವ ಮೂಲೆಯಲ್ಲಿ ಒಂದು ನುಗ್ಗೆ, ಬಾಗಿಲಗಲದ ಎರಡು ಪಾತಿಗೆ ದಂಟು, ಇಷ್ಟರಿಂದ ಶುರುಮಾಡಿ. ಹೆಸರಘಟ್ಟದ ಬೀಜ ಅಂಚೆಯಲ್ಲೂ ಬರುತ್ತದೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೇಳಿದರೆ ಬುದ್ಧಿಮಾತೂ ಸಿಗುತ್ತದೆ. ಆದರೆ ದಿನಾ ಬೆಳಿಗ್ಗೆ ಕಾಲುಗಂಟೆ ಗಿಡದ ಬಳಿ ನಿಂತು ಕೀಳಲು, ಚಿವುಟಲು ಪುರುಸೊತ್ತಿಲ್ಲವೆಂದಾದರೆ ಹೆಚ್ಚಿನ ಇಳುವರಿಯ ಬೀಜಕ್ಕೆ ದುಡ್ಡು ಸುರಿಯಬೇಡಿ.