ಹಲವು ಕೈಗಳ ನಾಟಕ

ಬರೆದು ಮುಗಿದ ಕೃತಿಯೊಂದನ್ನು ಆರಿಸಿ ಪಾತ್ರ ಹಂಚುವ ಬದಲು, ಒಂದು ವಿಷಯವನ್ನಷ್ಟೇ ಎದುರಿಗಿಟ್ಟುಕೊಂಡು ನಿರ್ದೇಶಕರೂ ವಿದ್ಯಾರ್ಥಿಗಳೂ ತಾಲೀಮಿನಲ್ಲಿಯೇ ದೃಶ್ಯ, ಮಾತು, ಹಾಡುಗಳನ್ನು ಕೂಡಿ ರಚಿಸುವ ಪದ್ಧತಿ ಇಂದಿನ ರಂಗಭೂಮಿಗೆ ಹೊಸತಲ್ಲ. ಲಂಡನ್ನಿನಲ್ಲಿ ಜೋನ್ ಲಿಟಲ್‌ವುಡ್ ಅವರ ತಂಡ 1963ರಲ್ಲಿ ಮೊದಲ ಮಹಾಯುದ್ಧದ ಸೈನಿಕರ ಹಾಡುಗಳಿಂದ ಹೀಗೆಯೇ ನಾಟಕವೊಂದನ್ನು ಕಟ್ಟಿತು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡವು, ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದ ‘ಬೆಲ್ಚಿ’ಯ ಮೂಲಕ ಬೀದಿಗೆ ತಂದು, ಪತ್ರಿಕೆಯ ಸುದ್ದಿಯಿಂದಲೂ ನಾಟಕ ಹುಟ್ಟಬಲ್ಲದೆಂದು ತೋರಿಸಿಕೊಟ್ಟಿತು.

ಇಂಥ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಹಾಸನ ಜಿಲ್ಲೆಯಲ್ಲಿ ಹೇರಳವಾಗಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಜನಪದ ಕಥೆ ಜಕಣಾಚಾರಿಯೆಂಬ ಒಬ್ಬನೇ ಶಿಲ್ಪಿಯ ಹೆಸರಿಗೆ ಕಟ್ಟಿದೆ. ಮಗ ಡಂಕಣನು ಕಲ್ಲಿನೊಳಗಿನ ಕಪ್ಪೆಯನ್ನು ತೋರಿಸಿ ತಂದೆಯ ಲೋಪವನ್ನು ಹಿಡಿದನೆಂಬ ಪ್ರಸಂಗವೂ ಅಲ್ಲಿನ ಕಪ್ಪೆ ಚೆನ್ನಿಗರಾಯನ ಗುಡಿಯೊಂದಿಗೆ ಬೆಸೆದುಕೊಂಡಿದೆ. ಆದರೆ ವಿಗ್ರಹಗಳ ಪೀಠದ ಬರಹಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಹಲವು ರೂವಾರಿಗಳನ್ನು, ಎಂದರೆ ಶಿಲ್ಪಿಗಳನ್ನು, ಹೆಸರಿಸುತ್ತವೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಅಂಥ ಅಂಕಿತಗಳಿವೆ. ಹಲವರ ದುಡಿಮೆ ಜನರ ನೆನಪಿನಲ್ಲಿ ಒಬ್ಬನದಾದುದು ಹೇಗೆ ಎಂಬ ಪ್ರಶ್ನೆಯೊಂದೇ ಇಡೀ ನಾಟಕಕ್ಕೆ ಸಾಕಾಗುವಷ್ಟು ಗಟ್ಟಿಯಾದುದು.

ಇದನ್ನು ಎತ್ತಿಕೊಳ್ಳುವ ವಿದ್ಯಾರ್ಥಿ ತಂಡವು ಮೊದಲು ಶಾಸನಗಳ ಪಾಠವನ್ನು ಓದಿ, ಊರಿನ ಹಿರಿಯರಿಂದ ಕಥೆಯ ರೂಪಾಂತರಗಳನ್ನು ಕೇಳಿ, ಬಳಿಕ ಆಶು ಅಭಿನಯಕ್ಕೆ, ಅಂದರೆ ಬರೆದ ಮಾತಿಲ್ಲದೆ ಸನ್ನಿವೇಶವನ್ನು ಆಡಿ ನೋಡುವ ಅಭ್ಯಾಸಕ್ಕೆ, ಇಳಿಯಬೇಕಾಗುತ್ತದೆ. ಆಗ ಹುಟ್ಟುವ ಮಾತುಗಳನ್ನು ಒಬ್ಬರು ಬರೆದುಕೊಳ್ಳುತ್ತಾರೆ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೇಳುವ ಆಡುನುಡಿ ತಾಲೀಮಿನಲ್ಲಿ ತಾನಾಗಿ ಬಂದರೆ, ಗ್ರಾಂಥಿಕವಾಗಿ ತಿದ್ದಿ ಅದರ ಜೀವ ತೆಗೆಯಬಾರದು. ಅತ್ಯಂತ ಕಠಿಣವಾದುದು ಕೈಬಿಡುವ ಕೆಲಸ: ಎಲ್ಲರ ಸಲಹೆಗೂ ಜಾಗ ಕೊಡಹೊರಟ ನಾಟಕ ಬಿಡಿ ದೃಶ್ಯಗಳ ಮೆರವಣಿಗೆಯಾಗುವುದರಿಂದ, ಕೊನೆಯ ರಂಗಪಠ್ಯವನ್ನು ಹೊಂದಿಸುವ ಹೊಣೆಯನ್ನು ತಂಡವು ಒಬ್ಬಿಬ್ಬರಿಗೆ ಒಪ್ಪಿಸಿ, ಅವರ ತೀರ್ಮಾನವನ್ನು ಗೌರವಿಸಲೇಬೇಕು. ಹೀಗೆಂದಮಾತ್ರಕ್ಕೆ ಉಳಿದವರ ಹೆಸರು ಕರಪತ್ರದಿಂದ ಬಿದ್ದುಹೋಗಬಾರದು.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ; ಅವುಗಳನ್ನು ಕಟ್ಟಿದವರ ಕಥೆ ಹೇಳಲು ಇದು ತಕ್ಕ ಕಾಲ. ಹಾಸನದ ಹೇಮಗಂಗೋತ್ರಿ ವಿಶ್ವವಿದ್ಯಾಲಯ ಆವರಣವೂ ಈ ಊರುಗಳ ಕಾಲೇಜುಗಳೂ ವಾರ್ಷಿಕೋತ್ಸವಕ್ಕೆ ಸಿದ್ಧ ನಾಟಕವನ್ನು ಹುಡುಕುವ ಮೊದಲು, ಒಂದು ವರ್ಷವಾದರೂ ತಮ್ಮ ವಿದ್ಯಾರ್ಥಿಗಳ ಕೈಗೆ ಈ ಕೆಲಸವನ್ನು ಕೊಟ್ಟು ನೋಡಬೇಕು.