ಓಡದೆ ನಿಂತವರು

2013ರ ಅಕ್ಟೋಬರ್ 27, ಭಾನುವಾರ. ಪಟ್ನಾದ ಗಾಂಧಿ ಮೈದಾನದಲ್ಲಿ ಎಳ್ಳು ಚೆಲ್ಲಿದರೆ ನೆಲ ಮುಟ್ಟದಷ್ಟು ಜನ. 1974ರಲ್ಲಿ ಜಯಪ್ರಕಾಶ ನಾರಾಯಣರು ಸಂಪೂರ್ಣ ಕ್ರಾಂತಿಗೆ ಕರೆ ಕೊಟ್ಟ ಜಾಗ ಇದು. ದೊಡ್ಡ ಸಭೆಗಳು ಇದಕ್ಕೆ ಹೊಸದಲ್ಲ. ಆ ಭಾನುವಾರ ನಡೆದದ್ದು ಬಿಜೆಪಿಯ ಹೂಂಕಾರ್ ರ್‍ಯಾಲಿ. ನರೇಂದ್ರ ಮೋದಿಯವರ ಮಾತು ಕೇಳಲು ಬಿಹಾರದ ಊರೂರಿನಿಂದ ರೈಲು, ಬಸ್ಸು ಹಿಡಿದು ಬಂದವರು ಬೆಳಿಗ್ಗೆಯೇ ಜಾಗ ಹಿಡಿದಿದ್ದರು. ಒಂಬತ್ತೂವರೆ ಸುಮಾರಿಗೆ ಪಟ್ನಾ ಜಂಕ್ಷನ್ನಿನ ಶೌಚಾಲಯದಲ್ಲಿ ಒಂದು ಬಾಂಬ್ ಸಿಡಿದಿತ್ತು. ಆಮೇಲೂ ಮೈದಾನಕ್ಕೆ ಜನ ಬರುತ್ತಲೇ ಇದ್ದರು.

ಹನ್ನೊಂದೂವರೆ ದಾಟಿದ ಮೇಲೆ ಮೈದಾನದಲ್ಲೇ ಸಿಡಿತ ಶುರುವಾಯಿತು. ಒಂದು ಸದ್ದು, ಒಂದಷ್ಟು ಹೊತ್ತು ಬಿಡುವು, ಇನ್ನೆಲ್ಲೋ ಮತ್ತೊಂದು. ತಲೆಗಳ ಮೇಲೆ ಹೊಗೆ ಏಳುತ್ತದೆ. ಹತ್ತಿರದವರು ಹಿಂದೆ ಸರಿಯುತ್ತಾರೆ, ಅಷ್ಟೇ. ನೆಲಕ್ಕೆ ಬಿದ್ದವರ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಕಾಲು ಹಿಡಿಯಲು ಇನ್ನಿಬ್ಬರು ಬಾಗುತ್ತಾರೆ. ಪಟಾಕಿ ಹೊಡೆಯಬೇಡಿ ಎಂದು ವೇದಿಕೆಯಿಂದ ಮನವಿ ಬರುತ್ತದೆ.

ದೂರದಲ್ಲಿದ್ದ ಎಷ್ಟೋ ಮಂದಿಗೆ ಅದು ಪಟಾಕಿಯೇ ಆಗಿತ್ತೆನ್ನಿ. ಘೋಷಣೆ, ಧ್ವನಿವರ್ಧಕದ ಅಬ್ಬರದಲ್ಲಿ ಬೇರೇನು ತಿಳಿಯಬೇಕು? ಅವರ ನೆಮ್ಮದಿಯನ್ನು ಧೈರ್ಯವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ನಾನು ಕೈಮುಗಿಯುವುದು ಸದ್ದಿನ ಪಕ್ಕದಲ್ಲೇ ಇದ್ದವರಿಗೆ. ಅವರಿಗೆ ಗೊತ್ತಿತ್ತು. ಬಟ್ಟೆಗೆ ರಕ್ತ ಸಿಡಿದಿತ್ತು, ಮುಂದಿನದು ತಮ್ಮ ಕಾಲಬುಡದಲ್ಲೇ ಇರಬಹುದು ಎಂಬ ಭಯ ಇಲ್ಲದಿರಲು ಸಾಧ್ಯವೇ ಇಲ್ಲ. ಅವರಲ್ಲಿ ನೂರು ಜನ ‘ಬಾಂಬ್, ಬಾಂಬ್’ ಎಂದು ಚೀರಿ ವೇದಿಕೆಯತ್ತಲೋ ಗೇಟಿನತ್ತಲೋ ನುಗ್ಗಿದ್ದರೆ ಸಾಕಿತ್ತು. ಸಿಡಿದವು ಕಡಿಮೆ ಶಕ್ತಿಯ ಬಾಂಬುಗಳು. ಇಷ್ಟು ದಟ್ಟ ಗುಂಪಿನಲ್ಲಿ ಇಂಥವು ತಾವಾಗಿ ಕೊಲ್ಲುವುದಕ್ಕಿಂತ ಹೆಚ್ಚು ಜನರನ್ನು ದಿಕ್ಕೆಡಿಸಿ, ಓಡಿಸಿ ಕೊಲ್ಲಬಲ್ಲವು. ನೂಕುನುಗ್ಗಲಿನಲ್ಲಿ ಎದೆ ಅಮುಕಿಕೊಂಡು, ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ.

ಅದು ಬರಿಯ ಊಹೆಯಲ್ಲ. ಮರುವರ್ಷ, 2014ರ ಅಕ್ಟೋಬರ್ 3ರ ದಸರಾ ಸಂಜೆ, ಇದೇ ಮೈದಾನದಲ್ಲಿ ರಾವಣ ದಹನ ಮುಗಿಸಿ ಜನ ಹೊರಟಿದ್ದರು. ಬಾಂಬಿರಲಿಲ್ಲ, ಹೊಗೆಯಿರಲಿಲ್ಲ. ವಿದ್ಯುತ್ ತಂತಿ ಬಿದ್ದಿದೆ ಎಂಬ ಗಾಳಿಸುದ್ದಿ ಹಬ್ಬಿತು. ರಾಮಗುಲಾಮ್ ಚೌಕದ ಕಡೆಯ ದಾರಿಯಲ್ಲಿ 30ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು.

2013ರ ಆ ಭಾನುವಾರ ಸತ್ತವರು 6 ಮಂದಿ. ಗಾಯಗೊಂಡವರು 80ಕ್ಕೂ ಹೆಚ್ಚು. ಒಂದೊಂದು ಸಾವೂ ಒಂದೊಂದು ಮನೆ ಮುರಿದದ್ದು. ಕಡಿಮೆ ಎನ್ನಲು ನಾಲಗೆ ಏಳುವುದಿಲ್ಲ. ಆದರೆ ಲಕ್ಷಗಟ್ಟಲೆ ಜನರಿದ್ದ ಆ ಸಭೆ ಚದುರಲಿಲ್ಲ. ಮೋದಿಯವರು ಸ್ಫೋಟದ ಮಾತೆತ್ತದೆ ಭಾಷಣ ಮುಗಿಸಿ, ಕೊನೆಯಲ್ಲಿ ಅವಸರ ಮಾಡದೆ, ನೆಮ್ಮದಿಯಾಗಿ ಮನೆ ಸೇರಿ ಎಂದು ಕೇಳಿಕೊಂಡರು. ಜನ ಹಾಗೆಯೇ ಹೊರಟರು. ಅವರು ಹೋದ ಮೇಲೆ ಪೊಲೀಸರು ಮೈದಾನ ಜಾಲಾಡಿದಾಗ ಇನ್ನೂ ಸಿಡಿಯದ ಬಾಂಬುಗಳು ಸಿಕ್ಕವು. ಮುಂದಿನ ದಿನಗಳಲ್ಲೂ ಸಿಗುತ್ತಲೇ ಇದ್ದವು.