ತರಗತಿ ಸಾಲದ ಮಕ್ಕಳು

1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ಸರ್ಕಾರಿ ಹೈಸ್ಕೂಲೊಂದರಲ್ಲಿ ಎಂಟು ವರ್ಷದ ಹುಡುಗನೊಬ್ಬ ಗಣಿತ, ಭೌತಶಾಸ್ತ್ರದ ಪಾಠಕ್ಕೆ ಹನ್ನೊಂದು, ಹನ್ನೆರಡನೇ ತರಗತಿಯವರ ನಡುವೆ ಕೂರುತ್ತಿದ್ದ. ಉಳಿದ ವಿಷಯಗಳಿಗೆ ಎಂಟನೇ ತರಗತಿಗೆ ಹೋಗುತ್ತಿದ್ದ. 2006ರಲ್ಲಿ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಟೆರೆನ್ಸ್ ಟಾವೊ ಅವನೇ. ಅವನ ಬುದ್ಧಿಯನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಅವನ ವೇಳಾಪಟ್ಟಿಯೇ ದೊಡ್ಡದಾಗಿ ಕಾಣುತ್ತದೆ.

ಮೂರೂವರೆ ವರ್ಷಕ್ಕೇ ಅವನನ್ನು ಶಾಲೆಗೆ ಸೇರಿಸಿದ್ದರು. ಪಾಠ ಕಷ್ಟವಾಗಲಿಲ್ಲ, ಆದರೆ ದೊಡ್ಡ ಮಕ್ಕಳೊಡನೆ ದಿನವಿಡೀ ಕೂರುವ ವಯಸ್ಸು ಅದಲ್ಲ. ಹೆತ್ತವರು ಕೆಲವೇ ವಾರಗಳಲ್ಲಿ ಬಿಡಿಸಿದರು. ಐದು ತುಂಬಿದಾಗ ಸರ್ಕಾರಿ ಪ್ರಾಥಮಿಕ ಶಾಲೆಗೆ ಕಳಿಸಿದರು. ಅಲ್ಲಿನ ಮುಖ್ಯೋಪಾಧ್ಯಾಯರು ಅವರ ಜೊತೆ ಕೂತು, ಯಾವ ವಿಷಯಕ್ಕೆ ಯಾವ ತರಗತಿ ಎಂದು ಗೊತ್ತುಮಾಡಿದರು.

ಸರಾಸರಿ ಐಕ್ಯೂ 100. ನೂರರಲ್ಲಿ ಇಬ್ಬರು 130 ದಾಟುತ್ತಾರೆ. 160 ದಾಟುವವರು ಹತ್ತು ಸಾವಿರಕ್ಕೆ ಒಬ್ಬರೂ ಸಿಗುವುದಿಲ್ಲ. ಹಾಗಾಗಿ ಶಾಲೆಯ ‘ಜಾಣ’ ಮಕ್ಕಳಿಗೆ ಸಾಕಾಗುವ ಹೆಚ್ಚುವರಿ ಅಭ್ಯಾಸ ಇಷ್ಟು ಅಪರೂಪದ ಮಗುವಿಗೆ ಏನೂ ಅಲ್ಲ. ಐಕ್ಯೂ 170 ದಾಟಿದ ಮಗುವಿನ ಶಾಲಾ ಸಮಯ ಬಹುಪಾಲು ವ್ಯರ್ಥವೆಂದು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಕಳೆದ ಶತಮಾನದ ಮೊದಲರ್ಧದಲ್ಲೇ ಎಚ್ಚರಿಸಿದ್ದರು.

ಮುಂದಿನ ತರಗತಿಗೆ ಕಳಿಸಿದರೆ ಮಗು ಒಂಟಿಯಾಗುತ್ತದೆ ಎಂಬ ಭಯ ಎಲ್ಲ ಕಡೆಯೂ ಇದೆ. ಆಸ್ಟ್ರೇಲಿಯಾದ ಸಂಶೋಧಕಿ ಮಿರಾಕಾ ಗ್ರಾಸ್ ಇಂಥ 60 ಮಕ್ಕಳನ್ನು ಅವರು ದೊಡ್ಡವರಾಗುವ ತನಕ ಗಮನಿಸಿದರು. ಕಂಡದ್ದು ತಿರುವುಮುರುವು. ಯೋಜನೆಯಿಟ್ಟು ಹಲವು ತರಗತಿ ಮುಂದೆ ಕಳಿಸಿದವರಿಗೆ ಓದೂ ದಕ್ಕಿತು, ಗೆಳೆಯರೂ ಸಿಕ್ಕರು. ಓರಗೆಯವರ ಜೊತೆಗೇ ಕಟ್ಟಿಹಾಕಿಸಿಕೊಂಡವರಲ್ಲಿ ಹಲವರು ಸ್ನೇಹಕ್ಕೇ ಪರದಾಡಿದರು.

ವಯಸ್ಸಿಗಲ್ಲ, ಮಗುವಿನ ವೇಗಕ್ಕೆ ತಕ್ಕಂತೆ ಕಲಿಸುವ ಯೋಚನೆ ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ತೆಗೆದಿಡುತ್ತೇವೆ. ಇದು ತಪ್ಪು. ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೇ ತರಗತಿಯೂ ಅದೇ ಜಗಲಿಯ ಮೇಲಿದೆ. ನಾಲ್ಕನೆಯ ಮಗುವೊಂದು ಗಣಿತದ ಒಂದು ಪೀರಿಯಡ್ ಅಲ್ಲಿ ಕೂರಲು ಹೊಸ ಕಟ್ಟಡ ಬೇಡ, ಅನುದಾನ ಬೇಡ. ಎರಡು ತರಗತಿಗಳ ಗಣಿತ ಒಂದೇ ಹೊತ್ತಿಗೆ ಬರಬೇಕು, ಅಷ್ಟೇ. ಮುಖ್ಯೋಪಾಧ್ಯಾಯರೇ, ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವಾಗ ದಯವಿಟ್ಟು ಇದೊಂದನ್ನು ಮಾಡಿ ನೋಡಿ.